ನಾಯಿ ಜಾಸ್ತಿ, ಓಟಕ್ಕೆ ಮಾತ್ರ ಯಾರೂ ಇಲ್ಲ

ಪುಣೆಯಲ್ಲಿ ಮುಧೋಳ ನಾಯಿಗಳು ಹೆಚ್ಚಾಗಿವೆ. ಇದಕ್ಕೆ ಅಂಕಿಅಂಶ ಬೇಕಿಲ್ಲ, ಬೆಳಿಗ್ಗೆ ಆರಕ್ಕೆ ವಾಕಡ್, ಬಾಣೇರ್ ಕಡೆ ಒಂದು ಸುತ್ತು ಹಾಕಿದರೆ ಸಾಕು. ಉದ್ದ ಮೂತಿ, ಒಳಗೆ ಸೇರಿಕೊಂಡ ಹೊಟ್ಟೆ, ಎಣಿಸಬಹುದಾದ ಪಕ್ಕೆಲುಬು. ಹಗ್ಗದ ಇನ್ನೊಂದು ತುದಿಯಲ್ಲಿ ಓಡೋಡಿ ಬರುತ್ತಿರುವ ಐಟಿ ಹುಡುಗ. "ಇದಕ್ಕೆ ಊಟ ಹಾಕಲ್ವಾ?" ಅಂತ ಅವನನ್ನು ದಿನಾ ಯಾರಾದರೂ ಮರಾಠಿಯಲ್ಲಿ ಕೇಳಿಯೇ ಕೇಳುತ್ತಾರೆ.

2005ರಲ್ಲಿ ಅಂಚೆ ಇಲಾಖೆ ಈ ನಾಯಿಯ ಚಿತ್ರದ ಸ್ಟ್ಯಾಂಪ್ ತಂದಿತ್ತು. ಆಮೇಲೆ ಸೈನ್ಯದವರು ಮರಿಗಳನ್ನು ಮೀರತ್‌ಗೆ ಒಯ್ದು ತರಬೇತಿ ಕೊಟ್ಟರು. 2020ರ ಆಗಸ್ಟ್‌ನಲ್ಲಿ ಪ್ರಧಾನಿ ರೇಡಿಯೋದಲ್ಲಿ ಹೆಸರು ಹೇಳಿದರು. ಅಲ್ಲಿಂದ ಮರಿ ಕೇಳುವ ಫೋನುಗಳು ನಿಂತಿಲ್ಲ. ನಾನು ಜಮಖಂಡಿ ಕಡೆಯವನು ಅಂತ ಗೊತ್ತಾದರೆ ಮುಗಿಯಿತು, ಆಫೀಸಿನ ಲಿಫ್ಟಿನಲ್ಲೇ "ಒಂದು ಮರಿ ಕೊಡಿಸ್ರಿ" ಶುರು.

ಹಾಗಿದ್ದರೆ ಪ್ರತಿ ಚಳಿಗಾಲ ನಾವು ಪುಣೆ ಹತ್ತಿರದ ಸಾಸವಡದ ಆಚೆ ನಡೆಸುವ ಓಟದ ಪರೀಕ್ಷೆಗೆ ಜನ ತುಂಬಿ ತುಳುಕಬೇಕಿತ್ತು. ಆಗಿರುವುದು ಉಲ್ಟಾ. ಬರುವ ನಾಯಿಗಳು ವರ್ಷದಿಂದ ವರ್ಷಕ್ಕೆ ಕಮ್ಮಿ. ಹೋದ ಸಲ ನಾಯಿಗಿಂತ ಕೆಲಸಕ್ಕೆ ನಿಂತವರೇ ಜಾಸ್ತಿ ಇದ್ದೆವು.

"ನಾವು" ಅಂದರೆ ದೊಡ್ಡ ಸಂಸ್ಥೆ ಏನಲ್ಲ. ಜಮಖಂಡಿ, ವಿಜಯಪುರ, ಅಕ್ಕಲಕೋಟೆ, ಜತ್ ಕಡೆಯಿಂದ ಬಂದು ಪಿಂಪ್ರಿ-ಚಿಂಚವಾಡದ ಕಂಪನಿಗಳಲ್ಲಿ ಕೆಲಸಕ್ಕಿರುವ ಕೆಲವು ಕನ್ನಡದವರು, ಜೊತೆಗೆ ನಾಯಿಯ ಹುಚ್ಚಿರುವ ಮರಾಠಿ ಗೆಳೆಯರು. ಅವರು ಈ ನಾಯಿಯನ್ನು ಕಾರವಾನ್ ಅನ್ನುತ್ತಾರೆ, ನಾವು ಮುಧೋಳ ಅನ್ನುತ್ತೇವೆ. ಆ ಜಗಳ ಚಹಾ ಮುಗಿಯುವವರೆಗೆ ಮಾತ್ರ. ನಮ್ಮ ಪರೀಕ್ಷೆಗೆ ಅಧಿಕೃತ ಮಾನ್ಯತೆ ಇಲ್ಲ. ಸರ್ಟಿಫಿಕೇಟು ನಾವೇ ಪ್ರಿಂಟ್ ಹಾಕಿಸಿದ್ದು.

ಪರೀಕ್ಷೆ ಹೇಗೆ ನಡೆಯುತ್ತದೆ ಅಂತ ಮೊದಲು ಹೇಳುತ್ತೇನೆ. ನೋಡದವರಿಗೆ ಇದು ಮಕ್ಕಳಾಟದ ಹಾಗೆ ಕೇಳಿಸುತ್ತದೆ. ನೆಲಕ್ಕೆ ಗೂಟ ಹೊಡೆದು ಅಲ್ಲಲ್ಲಿ ರಾಟೆ ಕೂಡಿಸುತ್ತೇವೆ. ಅವುಗಳ ನಡುವೆ ನೈಲಾನ್ ದಾರ ಹಾಯುತ್ತದೆ. ಒಂದು ತುದಿಯಲ್ಲಿ ಹಳೇ ಕಾರಿನ ಸ್ಟಾರ್ಟರ್ ಮೋಟಾರು, 12 ವೋಲ್ಟಿನ ಬ್ಯಾಟರಿ. ದಾರಕ್ಕೆ ಬಿಳಿ ಚೀಲ ಕಟ್ಟಿ ಮೋಟಾರು ಒತ್ತಿದರೆ ಆ ಚೀಲ ನೆಲಕ್ಕೆ ಅಂಟಿಕೊಂಡೇ ಸರಸರ ಓಡುತ್ತದೆ. ರಾಟೆ ಬಂದ ಕಡೆ ಥಟ್ಟನೆ ತಿರುಗುತ್ತದೆ, ಮೊಲ ತಿರುಗಿದ ಹಾಗೆ. ಒಟ್ಟು ಓಟ ಅರ್ಧ ಕಿಲೋಮೀಟರಿಗಿಂತ ತುಸು ಜಾಸ್ತಿ. 2018ರಲ್ಲಿ ಮಹಾರಾಷ್ಟ್ರ ಪ್ಲಾಸ್ಟಿಕ್ ಚೀಲ ನಿಷೇಧಿಸಿದ ಮೇಲೆ ಹಳೇ ಪಂಚೆಯ ತುಂಡು ಕಟ್ಟಿ ನೋಡಿದೆವು. ಮರಿಗಳು ಅದಕ್ಕೂ ಓಡಿದವು. ನುರಿತ ನಾಯಿಗಳು ಸುಮ್ನೆ ನಿಂತು ನಮ್ಮ ಮುಖ ನೋಡಿದವು. ಆ ಸರಸರ ಸದ್ದು ಇಲ್ಲದೆ ಅವಕ್ಕೆ ನಂಬಿಕೆ ಬರುವುದಿಲ್ಲ. ಈಗ ಸಾಮಾನು ಸುತ್ತಿ ಬಂದ ಹಳೇ ಪ್ಲಾಸ್ಟಿಕ್ ಹಾಳೆಯನ್ನು ಪಟ್ಟಿ ಪಟ್ಟಿ ಕತ್ತರಿಸಿ ಕಟ್ಟುತ್ತೇವೆ, ಸಂಜೆ ಎಣಿಸಿ ವಾಪಸ್ ತರುತ್ತೇವೆ.

ಮೋಟಾರು ನೋಡಿಕೊಳ್ಳುವುದು ನನ್ನ ಕೆಲಸ. ಚೀಲವನ್ನು ನಾಯಿಗಿಂತ ತೀರಾ ಮುಂದೆ ಬಿಟ್ಟರೆ ನಾಯಿ ಆಸೆ ಬಿಡುತ್ತದೆ. ಹತ್ತಿರ ಬಿಟ್ಟರೆ ತಿರುವಿನಲ್ಲಿ ಹಿಡಿದುಬಿಡುತ್ತದೆ. ಅಷ್ಟು ವೇಗದಲ್ಲಿ ಓಡುವ ದಾರ ಕಾಲಿಗೆ ಸಿಕ್ಕರೆ ಚರ್ಮ ಸುಟ್ಟ ಹಾಗೆ ಕೊಯ್ಯುತ್ತದೆ. ಅದಕ್ಕೇ ಒಂದು ಕೈ ಸ್ವಿಚ್ಚಿನ ಮೇಲೆ, ಕಣ್ಣು ನಾಯಿಯ ಮೇಲೆ. ಚೀಲದ ಕಡೆ ನೋಡುವ ಹಾಗೇ ಇಲ್ಲ.

ಈ ಆಟವನ್ನು ಕಟ್ಟಿದ್ದು ಅಮೆರಿಕದವರು. ಕ್ಯಾಲಿಫೋರ್ನಿಯಾದಲ್ಲಿ ನಿಜವಾದ ಮೊಲದ ಹಿಂದೆ ನಾಯಿ ಬಿಡುತ್ತಿದ್ದ ಕೆಲವರು ಮುಳ್ಳುತಂತಿ, ರಸ್ತೆಗಳ ಕಾಟಕ್ಕೆ ಬೇಸತ್ತು ದಾರ ಮತ್ತು ಚೀಲಕ್ಕೆ ಬಂದರು. ಸೈಟ್‌ಹೌಂಡ್ ಅಂದರೆ ಕಣ್ಣಿನಿಂದಲೇ ಬೇಟೆ ಕಂಡು ಅಟ್ಟುವ ನಾಯಿ. ಅಲ್ಲಿನ ಸೈಟ್‌ಹೌಂಡ್ ಫೀಲ್ಡ್ ಅಸೋಸಿಯೇಷನ್ ಶುರುವಾದದ್ದು 1972ರಲ್ಲಿ. ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದದ್ದೂ ಅದೇ ವರ್ಷ! ಅವರ ನಿಯಮದ ಪ್ರಕಾರ ನೂರು ಅಂಕ: ವೇಗಕ್ಕೆ 25, ಚುರುಕಾಗಿ ತಿರುಗುವುದಕ್ಕೆ 25, ದಮ್ಮಿಗೆ 20, ಹುಮ್ಮಸ್ಸಿಗೆ 15, ಚೀಲದ ಜಾಡು ಬಿಡದೆ ಹಿಂಬಾಲಿಸುವುದಕ್ಕೆ 15. ಮೂರು ನಾಯಿ ಒಟ್ಟಿಗೆ ಬಿಟ್ಟರೆ ಗುರುತಿಗೆ ಗುಲಾಬಿ, ಹಳದಿ, ನೀಲಿ ಅಂಗಿ. ನಾವೂ ಅದನ್ನೇ ಇಟ್ಟುಕೊಂಡಿದ್ದೇವೆ.

ಆ ಕೊನೆಯ 15 ಅಂಕದ ಮೇಲೆ ನಮ್ಮಲ್ಲಿ ಪ್ರತಿ ವರ್ಷ ಜಗಳ. ಹೋದ ಚಳಿಗಾಲ ಒಂದು ಕಂದು ಹೆಣ್ಣುನಾಯಿ ಓಡಿತು. ಮೊದಲ ಸುತ್ತಿನಲ್ಲಿ ಚೀಲದ ಹಿಂದೆಯೇ ಹೋಗಿ ದಾರಿ ನೋಡಿಕೊಂಡಿತು. ಎರಡನೇ ಸುತ್ತಿನಲ್ಲಿ ಉಳಿದ ಎರಡು ನಾಯಿ ಬೆನ್ನು ಬಾಗಿಸಿ ಹಾರುತ್ತಿದ್ದರೆ ಇದು ಅರ್ಧಕ್ಕೇ ವೇಗ ಇಳಿಸಿತು. ತಲೆ ಎತ್ತಿತು. ಮೈದಾನಕ್ಕೆ ಅಡ್ಡ ಹಾಯ್ದು ಮೂರನೇ ರಾಟೆಯ ಹತ್ತಿರ ಹೋಗಿ ಕಾದು ನಿಂತಿತು. ಚೀಲ ಸೀದಾ ಅದರ ಬಾಯಿಗೇ ಬರುವುದರಲ್ಲಿತ್ತು, ನಾನು ಮೋಟಾರು ನಿಲ್ಲಿಸಿದೆ. ಜತ್‌ನಿಂದ ಬಂದಿದ್ದ ಹಿರಿಯರೊಬ್ಬರು, ಎಲ್ಲರಿಗೂ ಅವರು ಕಾಕಾ, ಚಪ್ಪಾಳೆ ತಟ್ಟಿ, "ಏ, ಇದ ನೋಡ್ರಿ ಶಾಣ್ಯಾ ನಾಯಿ! ಇಂಥಾದ ಒಂದಿದ್ರ ಸಾಕಾಗ್ತಿತ್ತು" ಅಂದರು. ನಿಯಮ ಹಿಡಿದು ಕೂತ ನಮ್ಮ ಜಡ್ಜು ಅಂಕ ಕತ್ತರಿಸಿದರು. ನಿಜವಾದ ಮೊಲದ ಹಿಂದೆ ಈ ಬುದ್ಧಿಗೇ ಬೆಲೆ. ಚೀಲದ ಹಿಂದೆ ಇದು ಮೋಸ. ಕಾಕಾ ಆಮೇಲೆ ಇಡೀ ದಿನ ನಮ್ಮ ಅಂಕದ ಹಾಳೆಯ ಕಡೆ ತಿರುಗಿಯೂ ನೋಡಲಿಲ್ಲ. ನನಗೆ ಕೇಳಿದರೆ ಕಾಕಾ ಹೇಳಿದ್ದೇ ಸರಿ, ಆದರೆ ಆ ನಾಯಿಗೆ ಅಂಕ ಕೊಡುವ ದಾರಿ ಇನ್ನೂ ಹೊಳೆದಿಲ್ಲ.

ಮುಧೋಳದ ರಾಜ ಮಾಲೋಜಿರಾವ್ ಘೋರ್ಪಡೆ ಇಂಗ್ಲೆಂಡಿನ ದೊರೆ ಐದನೇ ಜಾರ್ಜ್‌ಗೆ ಒಂದು ಜೋಡಿ ಕೊಟ್ಟ ಕತೆಯನ್ನು ಎಲ್ಲರೂ ಹೇಳುತ್ತಾರೆ. ಆದರೆ ಈ ತಳಿ ಉಳಿದದ್ದು ಅರಮನೆಗಿಂತ ಹೊಲದಲ್ಲಿ, ಕುರಿ ಹಟ್ಟಿಯಲ್ಲಿ. ಅಲ್ಲಿ ಯಾರೂ ಪರೀಕ್ಷೆ ಅಂತ ಇಟ್ಟಿರಲಿಲ್ಲ. ಸುಗ್ಗಿ ಮುಗಿದು ಹೊಲ ಬೋಳಾದಾಗ ಯಾವ ನಾಯಿ ಓಡಿತು, ಯಾವುದು ಅರ್ಧಕ್ಕೆ ಬಿಟ್ಟಿತು ಅಂತ ಊರಿಗೇ ಗೊತ್ತಿರುತ್ತಿತ್ತು. ಓಡದ ಗಂಡಿಗೆ ಯಾರೂ ಹೆಣ್ಣು ತರುತ್ತಿರಲಿಲ್ಲ. ಅಷ್ಟೇ ಲೆಕ್ಕ. ಕಾಗದ ಇಲ್ಲ, ಪಟ್ಟಿ ಇಲ್ಲ, ಆದರೆ ಪ್ರತಿ ತಲೆಮಾರೂ ಜರಡಿ ಹಿಡಿಸಿಕೊಂಡೇ ಬಂತು.

1972ರ ಕಾಯ್ದೆಯಲ್ಲಿ ಪರವಾನಗಿ ಬೇಟೆಗೆ ಇನ್ನೂ ಸ್ವಲ್ಪ ಜಾಗ ಇತ್ತು. 1991ರ ತಿದ್ದುಪಡಿ ಅದನ್ನೂ ಮುಚ್ಚಿತು. ನಾನು ಕಾಯ್ದೆಯ ಕಡೆಯವನೇ. ಇಲ್ಲೇ ಸುಪೆ ಹತ್ತಿರದ ಮಯೂರೇಶ್ವರ ಅಭಯಾರಣ್ಯ ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಬರೀ ಐದು ಚದರ ಕಿಲೋಮೀಟರ್ ಚಿಲ್ಲರೆ ಹುಲ್ಲುಗಾವಲು, ಅದರೊಳಗೆ ಚಿಂಕಾರ ಅನ್ನುವ ಹುಲ್ಲೆಗಳು. ಅಲ್ಲಿಗೆ ಬಿಟ್ಟ ನಾಯಿ ನುಗ್ಗಿದರೆ ಏನಾಗುತ್ತದೆ ಅಂತ ಯೋಚಿಸಲೂ ಬೇಡ. ಮೊಲ ಹಿಡಿದ ವಿಡಿಯೋ ಹಾಕಿ ಮೀಸೆ ತಿರುವುವವರನ್ನು ನಾವು ಗುಂಪಿನಿಂದ ತೆಗೆದುಹಾಕಿದ್ದೇವೆ. ಅದರಿಂದಲೂ ಕೆಲವರು ಕಮ್ಮಿಯಾದರು. ಆಗಲಿ ಬಿಡಿ.

ಆದರೆ ಬೇಟೆ ಹೋದಾಗ ಅದರ ಜೊತೆಗೇ ಆ ಜರಡಿಯೂ ಹೋಯಿತು. ಅದರ ಜಾಗಕ್ಕೆ ಬಂದದ್ದು ಡಾಗ್ ಶೋ. ಶೋ ರಿಂಗಿನಲ್ಲಿ ನಾಯಿ ಒಂದು ಸುತ್ತು ನಡೆಯುತ್ತದೆ, ನಿಲ್ಲುತ್ತದೆ, ಗೊತ್ತಿಲ್ಲದ ಜಡ್ಜು ಬಂದು ಹಲ್ಲು, ಬೆನ್ನು ಮುಟ್ಟಿ ನೋಡುತ್ತಾರೆ. ಮುಧೋಳ ನಾಯಿಗೆ ಹೊರಗಿನವರು ಮೈ ಮುಟ್ಟಿದರೆ ಆಗುವುದಿಲ್ಲ, ಅದು ಅದರ ಹುಟ್ಟುಗುಣ. ಯಾರು ಮುಟ್ಟಿದರೂ ತೆಪ್ಪಗೆ ನಿಲ್ಲುವ ನಾಯಿ ಗೆಲ್ಲುತ್ತದೆ, ಅದರ ಮರಿಗೆ ಬೆಲೆ ಬರುತ್ತದೆ. ಫ್ಲಾಟಿನಲ್ಲಿ ಸಾಕುವವನಿಗೆ ಅದೇ ಅನುಕೂಲ, ಒಪ್ಪುತ್ತೇನೆ. ಆದರೆ ಅದರ ಕಾಲು ಓಡುತ್ತದೋ ಇಲ್ಲವೋ, ತಿರುವಿನಲ್ಲಿ ಭುಜ ತಡೆಯುತ್ತದೋ ಇಲ್ಲವೋ ಅನ್ನುವ ಪ್ರಶ್ನೆಯನ್ನು ಆ ರಿಂಗಿನಲ್ಲಿ ಯಾರೂ ಕೇಳುವುದಿಲ್ಲ.

ಶೋ ಮತ್ತು ಕೆಲಸ ಬೇರೆಯಾದರೆ ಏನಾಗುತ್ತದೆ ಅನ್ನುವುದಕ್ಕೆ ಬೇರೆ ದೇಶಗಳನ್ನು ನೋಡಿದರೆ ಸಾಕು. ಬೇಟೆನಾಯಿಗಳ ಮೊದಲ ಫೀಲ್ಡ್ ಟ್ರಯಲ್, ಅಂದರೆ ಬಯಲಿನಲ್ಲಿ ಕೆಲಸದ ಪರೀಕ್ಷೆ, ನಡೆದದ್ದು 1865ರಲ್ಲಿ, ಇಂಗ್ಲೆಂಡಿನ ಬೆಡ್‌ಫರ್ಡ್‌ಶೈರ್‌ನ ಸೌತ್‌ಹಿಲ್‌ನಲ್ಲಿ, ಹಕ್ಕಿ ಹುಡುಕಿ ತೋರಿಸುವ ಪಾಯಿಂಟರ್ ಮತ್ತು ಸೆಟರ್ ನಾಯಿಗಳಿಗೆ. ಅಮೆರಿಕದಲ್ಲಿ 1874ರಲ್ಲಿ, ಮೆಂಫಿಸ್‌ನಲ್ಲಿ. ಆಗ ಓಡುವ ನಾಯಿಯೂ ಶೋಗೆ ಬರುವ ನಾಯಿಯೂ ಒಂದೇ. ಈಗ ಸ್ಪ್ರಿಂಗರ್ ಸ್ಪ್ಯಾನಿಯಲ್‌ನಲ್ಲಿ ಶೋ ನಾಯಿ ಒಂದು, ಕೆಲಸದ ನಾಯಿ ಇನ್ನೊಂದು, ಅಕ್ಕಪಕ್ಕ ನಿಲ್ಲಿಸಿದರೆ ಒಂದೇ ತಳಿ ಅನ್ನಿಸುವುದೇ ಇಲ್ಲ. ಲ್ಯಾಬ್ರಡಾರ್ ಕತೆಯೂ ಹೆಚ್ಚುಕಮ್ಮಿ ಹಾಗೆಯೇ.

ಅಲ್ಲೂ ಬೇಟೆಯ ಜನ ಕರಗುತ್ತಿದ್ದಾರೆ. ಅಮೆರಿಕದ ಸರ್ಕಾರಿ ಸಮೀಕ್ಷೆಯಲ್ಲಿ 2011ರಲ್ಲಿ ಬೇಟೆಗಾರರು 1.37 ಕೋಟಿ ಇದ್ದರು, 2016ಕ್ಕೆ 1.15 ಕೋಟಿಗೆ ಇಳಿದರು. ಪಾಯಿಂಟರ್ ನಾಯಿಗಳು ಹುಡುಕುತ್ತಿದ್ದ ಬಾಬ್‌ವೈಟ್ ಗೌಜಲಕ್ಕಿಯೇ ಅರ್ಧ ಶತಮಾನದಿಂದ ಕುಸಿಯುತ್ತಿದೆ, ಹೊಲದ ಬದುವಿನ ಪೊದೆ, ಹುಲ್ಲು ಎಲ್ಲ ಸಾಫಾದವು. ಹಕ್ಕಿ ಇಲ್ಲ, ಜಾಗ ಇಲ್ಲ, ಹುಡುಗರಿಗೆ ಭಾನುವಾರ ಬಿಡುವಿಲ್ಲ. ಅಲ್ಲಿನ ಸಣ್ಣ ಕ್ಲಬ್ಬುಗಳಲ್ಲೂ ಪರೀಕ್ಷೆ ನಡೆಸುವ ನಾಲ್ಕು ಮುಖಗಳೇ ಹತ್ತು ವರ್ಷದಿಂದ ನಡೆಸುತ್ತಿರುತ್ತವೆ. ಅವರಿಗೆ ಸೊಂಟ ನೋವು ಬಂದ ವರ್ಷ ಪರೀಕ್ಷೆ ನಿಲ್ಲುತ್ತದೆ. ಇದನ್ನು ಓದಿದಾಗ ನಗು ಬಂತು. ನಮ್ಮಲ್ಲಿ ಗೂಟ ಹೊಡೆಯುವವರ ಕತೆ ಬೇರೆಯೇನಲ್ಲ.

ಜರ್ಮನಿಯ ವಿಚಾರ ಮಾತ್ರ ಬೇರೆ. ಅಲ್ಲಿನ ಬೇಟೆನಾಯಿ ಸಂಘಗಳ ಒಕ್ಕೂಟ 1899ರದ್ದು. ಡಾಯ್ಚ್ ಡ್ರಾಟ್‌ಹಾರ್ ಅನ್ನುವ ಒರಟು ಕೂದಲಿನ ನಾಯಿಯನ್ನು ತೆಗೆದುಕೊಳ್ಳಿ. ಅದರ ಸಂಘದಲ್ಲಿ ವಸಂತದಲ್ಲಿ ಎಳೆ ನಾಯಿಯ ಪರೀಕ್ಷೆ, ಶರತ್ಕಾಲದಲ್ಲಿ ತಳಿ ಪರೀಕ್ಷೆ. ಮೂಗು, ಜಾಡು ಹಿಡಿಯುವುದು, ನೀರಿಗಿಳಿಯುವುದು, ಮಾಲೀಕನ ಮಾತು ಕೇಳುವುದು, ಎಲ್ಲಕ್ಕೂ ಅಂಕ. ಮೈಕಟ್ಟು ನೋಡುವುದೂ ಇದೆ, ಆದರೆ ಅದೊಂದೇ ಅಲ್ಲ. ಇವು ಪಾಸಾಗದ ನಾಯಿಯಿಂದ ಮರಿ ಮಾಡಿಸಿದರೆ ಆ ಮರಿಗೆ ಸಂಘದ ಕಾಗದ ಸಿಗುವುದಿಲ್ಲ. ಅಪ್ಪ ಅಮ್ಮನ ಅಂಕಗಳು ಮರಿಯ ವಂಶಾವಳಿಯಲ್ಲಿ ಅಚ್ಚಾಗಿ ಬರುತ್ತವೆ. ಅಂದರೆ ಪರೀಕ್ಷೆ ಅಲ್ಲಿ ಹಬ್ಬ ಅಲ್ಲ, ಬಾಗಿಲು. ಒಳಗೆ ಹೋಗಬೇಕಾದವನು ಬಂದೇ ಬರುತ್ತಾನೆ.

ನಮ್ಮ ಪರೀಕ್ಷೆಯಿಂದ ಯಾವ ಬಾಗಿಲೂ ತೆರೆಯುವುದಿಲ್ಲ. ಓಡಿ ಗೆದ್ದ ನಾಯಿಗೆ ನಮ್ಮ ಸರ್ಟಿಫಿಕೇಟು, ಒಂದು ಫೋಟೋ, ಮಿಸಳ್ ಪಾವ್. ಓಡದ ನಾಯಿಗೂ ಮಿಸಳ್ ಪಾವ್. ಮಾರನೇ ವಾರ ಎರಡರ ಮರಿಗೂ ಒಂದೇ ಬೆಲೆ. ಹೀಗಿರುವಾಗ ಮರಿ ಮಾಡಿಸುವವನು ಬೆಳಿಗ್ಗೆ ನಾಲ್ಕಕ್ಕೆ ಎದ್ದು, ಟೆಂಪೋ ಮಾಡಿಕೊಂಡು, ತನ್ನ ಒಳ್ಳೇ ಗಂಡುನಾಯಿಯ ಕಾಲು ಮುರಿಯುವ ಅಪಾಯ ತಗೊಂಡು ಯಾಕೆ ಬರಬೇಕು? ಸೋತರೆ ಹೆಸರು ಹಾಳು. ಗೆದ್ದರೆ ಏನೂ ಇಲ್ಲ. ಅವನು ಬುದ್ಧಿವಂತ, ಬರುವುದಿಲ್ಲ.

ಬರುವವರು ಒಂದೇ ನಾಯಿ ಸಾಕಿದ ಪ್ರೀತಿಯ ಮಂದಿ. ಅವರ ಬಗ್ಗೆ ನನಗೆ ಯಾವ ತಕರಾರೂ ಇಲ್ಲ, ಟಿಫಿನ್ ಡಬ್ಬಿ ತಂದು ನಮಗೂ ಕೊಡುತ್ತಾರೆ. ಮೊದಲ ಸಲ ತಮ್ಮ ನಾಯಿ ಹಗ್ಗ ಇಲ್ಲದೆ ಓಡುವುದನ್ನು ನೋಡಿ ಕೆಲವರ ಕಣ್ಣು ತುಂಬಿ ಬರುತ್ತದೆ. ಪುಣೆಯಲ್ಲಿ ಅದಕ್ಕೆ ಬೇರೆ ಜಾಗವೇ ಇಲ್ಲ. ವೇತಾಳ ಟೇಕಡಿ ಗುಡ್ಡದ ಮೇಲೆ ಬಿಟ್ಟರೆ ನವಿಲಿನ ಹಿಂದೆ ಹೋಯಿತು ಅಂದರೆ ಮುಗಿಯಿತು ಕತೆ. ಸೊಸೈಟಿಯಲ್ಲಿ ಹಗ್ಗ ಬಿಚ್ಚಿದರೆ ಅದೇ ಸಂಜೆ ಚೇರ್‌ಮನ್ ನೋಟಿಸು. ಆದರೆ ಈ ಮಂದಿ ಒಂದು ವರ್ಷ ಬರುತ್ತಾರೆ, ಹೆಚ್ಚೆಂದರೆ ಇನ್ನೊಂದು ವರ್ಷ. ಅವರ ನಾಯಿಗೆ ಆಪರೇಷನ್ ಆಗಿರುತ್ತದೆ, ಮರಿ ಮಾಡಿಸುವ ಪ್ರಶ್ನೆಯಿಲ್ಲ. ಓಡುತ್ತದೆ ಅಂತ ತಿಳಿದ ಮೇಲೆ ಮತ್ತೆ ತಿಳಿಯಬೇಕಾದ್ದು ಏನಿದೆ? ಅವರು ಬರುವುದು ಕಮ್ಮಿಯಾಯಿತು ಅಂತ ಗೋಳಾಡುವುದು ನನಗೆ ಸರಿ ಕಾಣುವುದಿಲ್ಲ. ಬರಬೇಕಾದವರು ಅವರಾಗಿರಲೇ ಇಲ್ಲ.

ಇದರ ಜೊತೆಗೆ ಜಾಗದ ತಾಪತ್ರಯ. ನಾವು ಓಡಿಸುತ್ತಿದ್ದ ಪಡಾ ಬಿದ್ದ ಹೊಲ ಈಗ ಎನ್.ಎ. (ಕೃಷಿಯೇತರ) ಪ್ಲಾಟು. ಪುರಂದರ ವಿಮಾನ ನಿಲ್ದಾಣದ ಸುದ್ದಿ ಬಂದಾಗಿನಿಂದ ಆ ಕಡೆ ಕಲ್ಲಿಗೂ ರೇಟು ಬಂದಿದೆ. ಹತ್ತು ಹೆಜ್ಜೆಗೊಂದು ಸಿಮೆಂಟ್ ಕಂಬ, ಮಂಡಿ ಎತ್ತರಕ್ಕೆ ತಂತಿ. ಓಡುವ ನಾಯಿಗೆ ತಂತಿ ಕಾಣುವುದಿಲ್ಲ, ಅದರ ಕಣ್ಣೆಲ್ಲ ಚೀಲದ ಮೇಲೆ. ಅದಕ್ಕೇ ಹಿಂದಿನ ದಿನ ಇಡೀ ಮೈದಾನ ಕಾಲಲ್ಲೇ ಅಳೆಯಬೇಕು: ತಂತಿ, ಬಾವಿ, ಬಿಯರ್ ಬಾಟಲಿ ಚೂರು. ಮಳೆಗಾಲದಲ್ಲಿ ಕೆಸರು. ಅಕ್ಟೋಬರಿನಲ್ಲಿ ಹುಲ್ಲಿನ ಬೀಜ ಒಣಗಿ ಸೂಜಿಯ ಹಾಗೆ ಪಾದ, ಕಿವಿ, ಮೂಗಿಗೆಲ್ಲ ನುಗ್ಗುತ್ತದೆ, ಮರಾಠಿಯವರು ಕುಸಳ ಅನ್ನುತ್ತಾರಲ್ಲ, ಅದು. ಮಾರ್ಚ್ ಬಂದರೆ ಬಿಸಿಲು, ಎಂಟು ಗಂಟೆಗೇ ನಾಯಿ ನಾಲಿಗೆ ಚಾಚುತ್ತದೆ. ಉಳಿದದ್ದು ಡಿಸೆಂಬರಿನಿಂದ ಫೆಬ್ರವರಿ. ಅದೇ ಡಾಗ್ ಶೋ ಸೀಸನ್, ಅದೇ ಮದುವೆ ಸೀಸನ್. ನಮ್ಮದು ಮೂರನೇ ಪಾಲು.

ಮೂರು ತಿಂಗಳಲ್ಲಿ ಒಳ್ಳೇ ಭಾನುವಾರ ಅಂತ ಸಿಗುವುದು ಕೆಲವೇ. ಅದರಲ್ಲಿ ಒಂದು ಜೇಜುರಿಯ ಖಂಡೋಬನ ಜಾತ್ರೆಗೆ ಹೋಗುತ್ತದೆ, ಆ ದಿನ ಸಾಸವಡ ದಾರಿಯ ದಿವೇ ಘಾಟಿನಲ್ಲಿ ಗಾಡಿ ಹಾಯುವುದಿಲ್ಲ. ನಮ್ಮ ಗುಂಪಿನ ಅರ್ಧ ಜನ ಖಂಡೋಬನ ಒಕ್ಕಲು, ಅವರ ಪಾಲಿಗೆ ಅವನೇ ನಮ್ಮ ಮೈಲಾರಲಿಂಗ. ಗೊರವರು ನಾಯಿಯ ಹಾಗೆ ಬೊಗಳಿ ದೋಣಿ ಅನ್ನುವ ಪಾತ್ರೆಗೆ ಬಾಯಿ ಹಾಕಿ ಪ್ರಸಾದ ತಿನ್ನುವ ದೇವರಿಗೆ ಹೋಗಬೇಡಿ, ನಾಯಿ ಓಡಿಸಲು ಬನ್ನಿ ಅಂತ ಹೇಳಲು ಬಾಯಿ ಬರುತ್ತದಾ?

ಈ ಎಲ್ಲ ಹೊಂದಿಸಿಕೊಂಡು ನೋಡಿದರೆ ನನಗೆ ಅನ್ನಿಸುವುದು ಒಂದೇ. ಜನ ಹೆಚ್ಚಿಸುವ ಯೋಚನೆ ಬಿಡಬೇಕು. ಟೀ ಶರ್ಟು, ಸೆಲ್ಫಿ ಪಾಯಿಂಟು, ಮಕ್ಕಳಿಗೆ ಬಲೂನು ಅಂತ ಈ ಸಲದ ಮೀಟಿಂಗಿನಲ್ಲಿ ಮಾತು ಬಂತು, ನಾನು ವಿರೋಧಿಸಿದೆ. ಪುಣೆಯಲ್ಲಿ ಮರಿ ಮಾರುವವರೆಲ್ಲ ಸೇರಿದರೂ ಒಂದು ದೊಡ್ಡ ಕೋಣೆ ತುಂಬುವುದಿಲ್ಲ. ಅವರ ಪೈಕಿ ಕೆಲವರು ಬಂದರೂ ನಮ್ಮ ಕೆಲಸ ಆಯಿತು. ಮರಿ ಕೊಳ್ಳುವವನು "ಅಪ್ಪ ಓಡಿದೆಯಾ? ಹಾಳೆ ತೋರಿಸ್ರಿ" ಅಂತ ಕೇಳುವ ಹಾಗೆ ಮಾಡಿದರೆ ಮಾರುವವನು ತಾನಾಗಿ ಬರುತ್ತಾನೆ. ಲಿಫ್ಟಿನಲ್ಲಿ ಮರಿ ಕೇಳುವವರಿಗೆ ನಾನು ಈಗ ಅದನ್ನೇ ಹೇಳಿಕೊಡುತ್ತಿದ್ದೇನೆ. ಬಣ್ಣ ಕೇಳಬೇಡಿ, ಹಾಳೆ ಕೇಳಿ.

ಜರ್ಮನಿಯ ಹಾಗೆ ಕಾಗದಕ್ಕೇ ಕಟ್ಟಿಹಾಕುವುದು ನಮ್ಮಲ್ಲಿ ಬೇಡ ಅನ್ನುವವನು ನಾನು. ಜತ್, ಮುಧೋಳದ ಹಳ್ಳಿಗಳಲ್ಲಿ ಇರುವ ಎಷ್ಟೋ ಒಳ್ಳೇ ನಾಯಿಗಳಿಗೆ ಕಾಗದವೇ ಇಲ್ಲ. ಅವನ್ನು ಹೊರಗಿಟ್ಟರೆ ನಾವೇ ತಳಿಯ ಕತ್ತು ಹಿಸುಕಿದ ಹಾಗೆ. ಬದಲಿಗೆ ಮೋಟಾರು, ರಾಟೆ, ದಾರ ಎಲ್ಲ ಒಂದು ಟೆಂಪೋಗೆ ಹಾಕಿಕೊಂಡು ಅಲ್ಲಿಗೇ ಹೋಗಬೇಕು. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಪಶುವೈದ್ಯ ವಿಶ್ವವಿದ್ಯಾಲಯದ ಶ್ವಾನ ಕೇಂದ್ರ ಇದೆ, ತಳಿ ಕಾಪಾಡುವ ಕೆಲಸ ಅಲ್ಲಿ ನಡೆದಿದೆ. ಆ ಕಡೆಯ ಊರುಗಳಲ್ಲಿ ಹೊಲ ಖಾಲಿ ಇರುವಾಗ ಓಡಿಸಿದರೆ ಬರುವ ನಾಯಿಗಳ ಮಾತೇ ಬೇರೆ.

ಡಿಸೆಂಬರಿನ ಓಟಕ್ಕೆ ಈಗಾಗಲೇ ಮರಿ ಮಾಡಿಸುವ ಕೆಲವರಿಗೆ ಫೋನು ಮಾಡಿದ್ದೇನೆ. ಒಬ್ಬರು ಸೀದಾ ಇಲ್ಲ ಅಂದರು. ಒಬ್ಬರು "ನೋಡೂಣ್ರಿ" ಅಂದರು, ಅಂದರೆ ಇಲ್ಲ. ಸೋಲಾಪುರ ರಸ್ತೆಯ ಒಬ್ಬರು ಮಾತ್ರ ಬಾಳ ಹೊತ್ತು ಮಾತಾಡಿ ಕೊನೆಗೆ ಕೇಳಿದರು, "ಅಲ್ರೀ ಅಣ್ಣಾರ, ಓಡಲಾರದ ನಾಯಿ ಹೆಸರೂ ಹಾಳೀ ಮ್ಯಾಲ ಬರೀತೀರೇನು?"

ಬರೆಯಬೇಕು ಅಂತ ನನ್ನ ವಾದ. ಗೆದ್ದವರ ಹೆಸರು ಮಾತ್ರ ಇರುವ ಪಟ್ಟಿ ಮರಿ ಕೊಳ್ಳುವವನಿಗೆ ಯಾವ ಉಪಯೋಗಕ್ಕೂ ಬರುವುದಿಲ್ಲ. ಬರೆದರೆ ಇರುವ ನಾಲ್ಕು ಜನವೂ ಓಡಿಹೋಗುತ್ತಾರೆ ಅಂತ ಗುಂಪಿನ ಅರ್ಧ ಜನ. ಕಾಕಾ ಬರೆಯುವ ಕಡೆಗೇ, ಆದರೆ ಅಡ್ಡ ಹಾಯ್ದ ನಾಯಿಯನ್ನು ಸೋತವರ ಸಾಲಿಗೆ ಹಾಕಿದರೆ ತಾವೇ ಬರುವುದಿಲ್ಲ ಅಂದಿದ್ದಾರೆ. ಮುಂದಿನ ಭಾನುವಾರ ಚಿಂಚವಾಡದಲ್ಲಿ ಮತ್ತೆ ಕೂರುತ್ತಿದ್ದೇವೆ. ಸೋಲಾಪುರ ರಸ್ತೆಯವರನ್ನೂ ಕರೆದಿದ್ದೇನೆ.